ಮೆಡಿಕೇರ್ ಪಾರ್ಟ್ ಡಿ ಟಿಪ್ಪಣಿ: ಔಷಧಿ ಪ್ಲ್ಯಾನ್ ಆರಿಸುವ ಲೆಕ್ಕ

ಅಮೆರಿಕದಲ್ಲಿ 65 ದಾಟಿದವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್. ಆಸ್ಪತ್ರೆಯಲ್ಲಿ ದಾಖಲಾದರೆ ಪಾರ್ಟ್ ಎ, ಡಾಕ್ಟರ ಫೀಸಿಗೆ ಪಾರ್ಟ್ ಬಿ, ಔಷಧಿ ಅಂಗಡಿಯಿಂದ ತರುವ ಮಾತ್ರೆಗಳಿಗೆ ಪಾರ್ಟ್ ಡಿ. 2006ರ ಜನವರಿಯಲ್ಲಿ ಶುರುವಾದ ಈ ಪಾರ್ಟ್ ಡಿಯನ್ನು ಸರ್ಕಾರ ತಾನೇ ನಡೆಸುವುದಿಲ್ಲ. ಅದರ ನಿಯಮದೊಳಗೆ ಖಾಸಗಿ ಕಂಪನಿಗಳು ಪ್ಲ್ಯಾನ್ ಮಾರುತ್ತವೆ. ಅದಕ್ಕೇ ಒಂದೇ ಮಾತ್ರೆಗೆ ಪ್ಲ್ಯಾನಿಗೊಂದು ದರ. ಇಲ್ಲಿರುವ ಅಂಕಿಗಳು 2026ರವು. ಪ್ರತಿ ವರ್ಷ ಬದಲಾಗುತ್ತವೆ.

ಯಾರಿಗೆ, ಯಾವಾಗ

ಪಾರ್ಟ್ ಎ ಅಥವಾ ಬಿ, ಎರಡರಲ್ಲಿ ಒಂದಿದ್ದರೂ ಡಿ ಸೇರಬಹುದು. ಗ್ರೀನ್ ಕಾರ್ಡ್ ಮೇಲೆ ಬಂದ ಅಪ್ಪ ಅಮ್ಮಂದಿರು ಅಲ್ಲಿ ಸತತ 5 ವರ್ಷ ವಾಸವಿರಬೇಕು. ಮಗನೋ ಮಗಳೋ ಕಟ್ಟಿದ ತೆರಿಗೆ ಇವರ ಲೆಕ್ಕಕ್ಕೆ ಬರುವುದಿಲ್ಲ. ತಮ್ಮದಾಗಲಿ ಸಂಗಾತಿಯದಾಗಲಿ ಅಲ್ಲಿ ದುಡಿದು ತೆರಿಗೆ ಕಟ್ಟಿದ ದಾಖಲೆ ಇಲ್ಲದಿದ್ದರೆ ಪಾರ್ಟ್ ಎಗೆ ತಿಂಗಳಿಗೆ 565 ಡಾಲರ್ ತೆರಬೇಕು. ಅದು ಕೈಗೆಟುಕದವರು 202.90 ಡಾಲರಿನ ಪಾರ್ಟ್ ಬಿ ಮಾತ್ರ ತೆಗೆದುಕೊಂಡು ಡಿ ಸೇರಿಸಿಕೊಳ್ಳಬಹುದು. ವಿಸಿಟರ್ ವೀಸಾದಲ್ಲಿ ಬಂದವರಿಗೆ ಇದ್ಯಾವುದೂ ಇಲ್ಲ.

ಮೊದಲ ಸಲ ಸೇರಲು 7 ತಿಂಗಳ ಅವಕಾಶ: 65 ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು. ಆಮೇಲೆ ಪ್ಲ್ಯಾನ್ ಬದಲಿಸಲು ವರ್ಷಕ್ಕೊಮ್ಮೆ, ಅಕ್ಟೋಬರ್ 15ರಿಂದ ಡಿಸೆಂಬರ್ 7.

"ನನಗೆ ಮಾತ್ರೆಯೇ ಇಲ್ಲವಲ್ಲ, ಪ್ಲ್ಯಾನ್ ಯಾಕೆ" ಎಂದು ಬಿಟ್ಟವರಿಗೆ ದಂಡ ಕಾದಿರುತ್ತದೆ. ಸರಿಸಮನಾದ ಬೇರೆ ಔಷಧಿ ವಿಮೆ ಇಲ್ಲದೆ 63 ದಿನ ಅಥವಾ ಹೆಚ್ಚು ಕಳೆದರೆ, ತಪ್ಪಿದ ತಿಂಗಳಿಗೆ ಶೇ 1ರಂತೆ ಲೆಕ್ಕ. ಮೂಲ ಮೊತ್ತ 38.99 ಡಾಲರ್. 20 ತಿಂಗಳು ತಪ್ಪಿದರೆ ತಿಂಗಳಿಗೆ 7.80 ಡಾಲರ್, ಅದೂ ಪಾರ್ಟ್ ಡಿ ಇರುವವರೆಗೂ. ಇನ್ನೂ ಕೆಲಸದಲ್ಲಿರುವ ಸಂಗಾತಿಯ ಕಂಪನಿ ವಿಮೆಯಲ್ಲಿದ್ದವರು, ಅದು ಪಾರ್ಟ್ ಡಿಗೆ ಸಮ ಎಂದು ತಿಳಿಸುವ ಪತ್ರವನ್ನು ಜೋಪಾನವಾಗಿಡಬೇಕು. ದಂಡ ತಪ್ಪಿಸುವ ಸಾಕ್ಷಿ ಅದೇ.

ಪ್ರೀಮಿಯಂ ಸೊನ್ನೆ ಇದ್ದರೆ ಅಗ್ಗವೇ?

ಹೆಚ್ಚಿನವರು ಎಡವುವುದು ಇಲ್ಲೇ. ಡಿಡಕ್ಟಿಬಲ್ ಗರಿಷ್ಠ 615 ಡಾಲರ್. ಅಷ್ಟು ಮುಗಿಯುವವರೆಗೆ ಔಷಧಿಯ ಪೂರ್ತಿ ಬೆಲೆ ನಮ್ಮದು. ಆಮೇಲೆ ಪ್ರತಿ ಸಲ ಕೊಡುವ ನಿಗದಿತ ಮೊತ್ತ (ಕೋಪೇ) ಅಥವಾ ಬೆಲೆಯ ಒಂದು ಪಾಲು, ಸಾಮಾನ್ಯವಾಗಿ ಶೇ 25. ಕೈಯಿಂದ ಹೋದದ್ದು ವರ್ಷಕ್ಕೆ 2,100 ಡಾಲರ್ ಮುಟ್ಟಿದರೆ ಉಳಿದ ತಿಂಗಳು ಏನೂ ಇಲ್ಲ. ಪ್ರೀಮಿಯಂ ಆ 2,100ರಲ್ಲಿ ಸೇರುವುದಿಲ್ಲ, ಪ್ಲ್ಯಾನಿನ ಪಟ್ಟಿಯಲ್ಲಿಲ್ಲದ ಔಷಧಿಗೆ ಕೊಟ್ಟದ್ದೂ ಸೇರುವುದಿಲ್ಲ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಎಲಿಕ್ವಿಸ್ ತೆಗೆದುಕೊಳ್ಳುವವರೊಬ್ಬರ ಲೆಕ್ಕ ಹಾಕಿ ನೋಡೋಣ. ಸರ್ಕಾರ ಚೌಕಾಸಿ ಮಾಡಿ ನಿಗದಿಪಡಿಸಿದ ಬೆಲೆ 30 ದಿನಕ್ಕೆ 231 ಡಾಲರ್. ಪ್ಲ್ಯಾನ್‌ಗಳು ಉದಾಹರಣೆಗಷ್ಟೇ.

ಮೊದಲ ಪ್ಲ್ಯಾನ್: ಪ್ರೀಮಿಯಂ 0, ಡಿಡಕ್ಟಿಬಲ್ 615, ಆಮೇಲೆ ಶೇ 25. ಜನವರಿ, ಫೆಬ್ರವರಿ ತಲಾ 231. ಮಾರ್ಚಿನಲ್ಲಿ ಡಿಡಕ್ಟಿಬಲ್‌ನ ಬಾಕಿ 153, ಮಿಕ್ಕ 78ರ ಕಾಲುಭಾಗ 19.50. ಏಪ್ರಿಲ್‌ನಿಂದ ತಿಂಗಳಿಗೆ 57.75. ವರ್ಷಕ್ಕೆ 1,154.25.

ಎರಡನೆಯದು: ಪ್ರೀಮಿಯಂ 40, ಡಿಡಕ್ಟಿಬಲ್ ಇಲ್ಲ, ಕೋಪೇ 47. ವರ್ಷಕ್ಕೆ 480 ಮತ್ತು 564, ಒಟ್ಟು 1,044. ಪುಕ್ಕಟೆ ಎನಿಸಿದ್ದೇ 110 ಡಾಲರ್ ದುಬಾರಿಯಾಯಿತು.

ಅದೇ ಮನುಷ್ಯ ಬರೀ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗಳಾದ ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ನುಂಗುವವರಾದರೆ ಲೆಕ್ಕ ತಿರುಗುತ್ತದೆ. ಅಗ್ಗದ ಜೆನೆರಿಕ್‌ಗಳಿಗೆ ಎಷ್ಟೋ ಪ್ಲ್ಯಾನ್‌ಗಳು ಡಿಡಕ್ಟಿಬಲ್ ಹಾಕುವುದಿಲ್ಲ. ಅಂಥವರಿಗೆ ಸೊನ್ನೆ ಪ್ರೀಮಿಯಂ ಸರಿ. ನೆರೆಮನೆಯವರ ಪ್ಲ್ಯಾನ್ ಕೇಳಿ ಸೇರುವುದು ವ್ಯರ್ಥ ಎನ್ನುವುದು ಇದಕ್ಕೇ. ಇನ್ಸುಲಿನ್ ಒಂದು ಅಪವಾದ: ಪ್ಲ್ಯಾನಿನ ಪಟ್ಟಿಯಲ್ಲಿರುವ ಇನ್ಸುಲಿನ್‌ಗೆ ಡಿಡಕ್ಟಿಬಲ್ ಇಲ್ಲ, ತಿಂಗಳಿಗೆ 35 ಡಾಲರಿಗಿಂತ ಹೆಚ್ಚು ಕೇಳುವಂತಿಲ್ಲ.

ಹುಡುಕುವ ಕ್ರಮ

ಮೊದಲು ಮಾತ್ರೆ ಡಬ್ಬಿಗಳನ್ನೆಲ್ಲ ಎದುರಿಗಿಟ್ಟುಕೊಂಡು ಪಟ್ಟಿ ಮಾಡಿ: ಹೆಸರು, ಎಷ್ಟು ಮಿಲಿಗ್ರಾಂ, ತಿಂಗಳಿಗೆ ಎಷ್ಟು. ಮಾತ್ರೆಯೋ ಕ್ಯಾಪ್ಸೂಲೋ ಎಂಬುದರಿಂದಲೂ ದರ ಬದಲಾಗಬಹುದು. ಊರಿಂದ ತಂದ ಡಬ್ಬಿಯ ಮೇಲಿನ ಬ್ರ್ಯಾಂಡ್ ಹೆಸರು ಅಲ್ಲಿ ನಡೆಯುವುದಿಲ್ಲ. ಗ್ಲೈಕೋಮೆಟ್ ಅಂದರೆ ಮೆಟ್‌ಫಾರ್ಮಿನ್, ಟೆಲ್ಮಾ ಅಂದರೆ ಟೆಲ್ಮಿಸಾರ್ಟನ್; ಹೀಗೆ ಮೂಲ ಹೆಸರು ಬರೆಯಿರಿ. ಸಕ್ಕರೆ ಕಾಯಿಲೆಯ ವಿಲ್ಡಾಗ್ಲಿಪ್ಟಿನ್‌ನಂಥ ಕೆಲವು ಅಮೆರಿಕದಲ್ಲಿ ಮಾರಾಟಕ್ಕೇ ಇಲ್ಲ, ಅವಕ್ಕೆ ಅಲ್ಲಿನ ಡಾಕ್ಟರ ಬಳಿ ಮೊದಲೇ ಬದಲಿ ಬರೆಸಿಕೊಳ್ಳಬೇಕು.

ಮೆಡಿಕೇರ್ ಡಾಟ್ ಗವ್ ತಾಣದ ಪ್ಲ್ಯಾನ್ ಫೈಂಡರ್‌ನಲ್ಲಿ ಜಿಪ್ ಕೋಡ್ (ಅಲ್ಲಿನ ಪಿನ್ ಕೋಡ್), ಈ ಪಟ್ಟಿ, ಎರಡು ಮೂರು ಔಷಧಿ ಅಂಗಡಿಗಳನ್ನು ತುಂಬಿ, ಪ್ರೀಮಿಯಂ ಮತ್ತು ಔಷಧಿ ಖರ್ಚು ಎರಡೂ ಸೇರಿದ ವರ್ಷದ ಮೊತ್ತದ ಪ್ರಕಾರ ಜೋಡಿಸಿ. ಅಂಗಡಿ ಬದಲಿಸಿ ನೋಡದೆ ಬಿಡಬೇಡಿ: ಪ್ಲ್ಯಾನ್ ಅದೇ ಇದ್ದರೂ, ಅದು ಆದ್ಯತೆ ಕೊಟ್ಟ ಅಂಗಡಿಗೂ ಪಕ್ಕದ ಬೀದಿಯ ಅಂಗಡಿಗೂ ಕೋಪೇ ಬೇರೆ ಇರುತ್ತದೆ. ಅದಾದ ಮೇಲೆ ಪ್ರತಿ ಔಷಧಿಯ ಮುಂದಿರುವ ಷರತ್ತು ಓದಿ. ಮೂರು ಬಗೆ ಇವೆ: ಪ್ಲ್ಯಾನಿನ ಪೂರ್ವಾನುಮತಿ ಬೇಕು, ಮೊದಲು ಅಗ್ಗದ್ದನ್ನು ಬಳಸಿ ನೋಡಬೇಕು, ತಿಂಗಳಿಗೆ ಇಷ್ಟೇ ಮಾತ್ರೆ.

ಒಂದು ಎಚ್ಚರಿಕೆ. ಎಚ್‌ಎಂಓ ಅಥವಾ ಪಿಪಿಓ (ಗೊತ್ತುಪಡಿಸಿದ ಡಾಕ್ಟರು, ಆಸ್ಪತ್ರೆಗಳ ಜಾಲ) ಮಾದರಿಯ, ಎ ಮತ್ತು ಬಿ ಎರಡನ್ನೂ ಖಾಸಗಿ ಕಂಪನಿ ಒಟ್ಟಿಗೆ ಕೊಡುವ ಮೆಡಿಕೇರ್ ಅಡ್ವಾಂಟೇಜ್‌ನಲ್ಲಿ ಇರುವವರು ಪ್ರತ್ಯೇಕ ಪಾರ್ಟ್ ಡಿ ಪ್ಲ್ಯಾನ್‌ಗೆ ಸೇರಿದರೆ ಅಡ್ವಾಂಟೇಜ್ ತಾನಾಗಿಯೇ ರದ್ದಾಗುತ್ತದೆ. ಇನ್ನೊಂದು: ಊರಿಗೆ ಬಂದಾಗ ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಔಷಧಿಗೆ ಪಾರ್ಟ್ ಡಿ ಹಣ ಕೊಡುವುದಿಲ್ಲ. ಹೊರಡುವ ಮುಂಚೆಯೇ 90 ದಿನದ್ದು ಒಟ್ಟಿಗೆ ತೆಗೆದುಕೊಳ್ಳಿ.

ಸೇರಿದ ಮೇಲೆ

ಮುಂದಿನ ವರ್ಷದ ಬದಲಾವಣೆ ತಿಳಿಸುವ ಪತ್ರ ಸೆಪ್ಟೆಂಬರ್ ಕೊನೆಯೊಳಗೆ ಬರುತ್ತದೆ. ನಿಮ್ಮ ಮಾತ್ರೆ ಮೇಲಿನ ದರದ ಹಂತಕ್ಕೆ ಏರಿದೆಯೇ, ಪಟ್ಟಿಯಿಂದಲೇ ಬಿದ್ದಿದೆಯೇ ಎಂಬುದಷ್ಟನ್ನಾದರೂ ನೋಡಿ. ಜನವರಿ, ಫೆಬ್ರವರಿಯ ಭಾರ ತಡೆಯಲಾಗದವರು ಖರ್ಚನ್ನು ತಿಂಗಳ ಕಂತುಗಳಾಗಿ ಹಂಚಿಕೊಡಲು ಪ್ಲ್ಯಾನಿಗೆ ಹೇಳಬಹುದು, ಬಡ್ಡಿ ಇಲ್ಲ. ಆದಾಯ ಕಡಿಮೆ ಇರುವವರು ಔಷಧಿ ಖರ್ಚು ತಗ್ಗಿಸುವ ಸರ್ಕಾರಿ ನೆರವಾದ ಎಕ್ಸ್‌ಟ್ರಾ ಹೆಲ್ಪ್‌ಗೆ ಸೋಶಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ಅರ್ಜಿ ಹಾಕಬೇಕು.

ಹೊಸ ಪ್ಲ್ಯಾನ್ ಹಳೆಯ ಮಾತ್ರೆ ಕೊಡಲು ಒಪ್ಪದಿದ್ದರೆ ಬರಿಗೈಲಿ ವಾಪಸ್ ಬರಬೇಡಿ. ಮೊದಲ 90 ದಿನದೊಳಗೆ ಒಂದು ತಿಂಗಳ ತಾತ್ಕಾಲಿಕ ಪೂರೈಕೆಗೆ ಹಕ್ಕಿದೆ, ಕೌಂಟರಿನಲ್ಲೇ ಕೇಳಿ. ಅಷ್ಟರೊಳಗೆ ಆ ಔಷಧಿಯೇ ಯಾಕೆ ಬೇಕೆಂದು ಡಾಕ್ಟರಿಂದ ಬರೆಸಿ ವಿನಾಯಿತಿ ಕೋರಿದರೆ, ಡಾಕ್ಟರ ಹೇಳಿಕೆ ತಲುಪಿದ 72 ಗಂಟೆಯೊಳಗೆ, ತುರ್ತಾದರೆ 24 ಗಂಟೆಯೊಳಗೆ, ಪ್ಲ್ಯಾನ್ ತೀರ್ಮಾನ ತಿಳಿಸಬೇಕು.