ನೆಗಡಿ: ಸೋಂಕು ಬೇರೆ, ಕಾಯಿಲೆ ಬೇರೆ

ವೈರಸ್ ಮೂಗಿನ ಜೀವಕೋಶಗಳನ್ನು ಹೊಕ್ಕು ಬೆಳೆದರೆ ಅದು ಸೋಂಕು. ಮೂಗು ಸೋರಿ, ಸೀನು ಬಂದು, ಗಂಟಲು ಕೆರೆಯತೊಡಗಿದರೆ ಅದು ಕಾಯಿಲೆ. ಈ ಎರಡನ್ನು ಬೇರ್ಪಡಿಸಿಕೊಳ್ಳದೆ ಮುಂದೆ ಓದಬೇಡಿ. ಸ್ವಯಂಸೇವಕರ ಮೂಗಿಗೆ ವೈರಸ್ ಹನಿ ಹಾಕಿ ನೋಡಿದ ಪ್ರಯೋಗಗಳಲ್ಲಿ, ಸೋಂಕು ತಗುಲಿದವರಿಗೆಲ್ಲ ನೆಗಡಿ ಆಗಲಿಲ್ಲ.

ನೆಗಡಿ ತರುವ ವೈರಸ್‌ಗಳು ಹಲವು. ಹೆಚ್ಚು ಕಾಣುವುದು ರೈನೋವೈರಸ್. ಎ, ಬಿ, ಸಿ ಎಂಬ 3 ಪ್ರಭೇದಗಳಲ್ಲಿ ಅದರ 160ಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆಗೆ ಹುಟ್ಟಿದ ಪ್ರತಿಕಾಯ (ವೈರಸ್ ತಡೆಯಲು ದೇಹ ತಯಾರಿಸುವ ಪ್ರೋಟೀನ್) ಇನ್ನೊಂದನ್ನು ತಡೆಯುವುದು ಅಪರೂಪ. ನೆಗಡಿ ಮತ್ತೆ ಮತ್ತೆ ಬರುವುದಕ್ಕೂ ಲಸಿಕೆ ಇಲ್ಲದಿರುವುದಕ್ಕೂ ಇದು ಮುಖ್ಯ ಕಾರಣ. ಈ ವೈರಸ್‌ಗಳ ಹಳೆಯ ಪರಿಚಯ ಕಡಿಮೆಯಿರುವ ಪುಟ್ಟ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಬಾರಿ, ದೊಡ್ಡವರಿಗೆ 2–3 ಬಾರಿ ಆಗುವುದು ಸಹಜ.

ಸೋಂಕು ತಗುಲಿ 1ರಿಂದ 3 ದಿನದೊಳಗೆ ಲಕ್ಷಣಗಳು ಶುರುವಾಗುತ್ತವೆ. ರೈನೋವೈರಸ್ ಮೂಗಿನ ಒಳಪೊರೆಯನ್ನು ಅಷ್ಟಾಗಿ ಹಾಳುಮಾಡುವುದಿಲ್ಲ. ಕಾಟ ಕೊಡುವುದು ದೇಹದ ಪ್ರತಿಕ್ರಿಯೆಯೇ: ಬ್ರಾಡಿಕೈನಿನ್, ಇಂಟರ್‌ಲ್ಯೂಕಿನ್-8ರಂಥ ರಾಸಾಯನಿಕಗಳು ಬಿಡುಗಡೆಯಾಗಿ ರಕ್ತನಾಳಗಳು ಹಿಗ್ಗಿ, ದ್ರವ ಸೋರಿ, ಪೊರೆ ಊದಿ ಮೂಗು ಕಟ್ಟುತ್ತದೆ. ಸಿಂಬಳದ ಹಸಿರು ಬಣ್ಣವೂ ಅಲ್ಲಿಗೆ ಬಂದ ಬಿಳಿ ರಕ್ತಕಣಗಳ ಕಿಣ್ವದ್ದು. ಬಣ್ಣ ನೋಡಿಯೇ ಬ್ಯಾಕ್ಟೀರಿಯಾ ಸೋಂಕು ಎಂದು ತೀರ್ಮಾನಿಸಬಾರದು. ಲಕ್ಷಣಗಳು ದೇಹದ ಪ್ರತಿಕ್ರಿಯೆಯಿಂದಲೇ ಬರುವುದರಿಂದ, ‘ರೋಗನಿರೋಧಕ ಶಕ್ತಿ ಕಡಿಮೆ, ಅದಕ್ಕೇ ನೆಗಡಿ’ ಎಂಬ ಮಾತು ಅರ್ಧಂಬರ್ಧ.

ಹಾಗಾದರೆ ಯಾರಿಗೆ ಬೇಗ ಆಗುತ್ತದೆ? ಅಮೆರಿಕದ ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರ ಕೆಲಸ ಇಲ್ಲಿ ಬಹಳ ಮುಖ್ಯ. 2009ರ ಅವರ ಅಧ್ಯಯನದಲ್ಲಿ 153 ಮಂದಿಯ ಮೂಗಿಗೆ ರೈನೋವೈರಸ್ ಹಾಕಲಾಯಿತು. 8 ಗಂಟೆ ಅಥವಾ ಹೆಚ್ಚು ನಿದ್ದೆ ಮಾಡುವವರಿಗೆ ಹೋಲಿಸಿದರೆ 7 ಗಂಟೆಗಿಂತ ಕಡಿಮೆ ಮಲಗುವವರಲ್ಲಿ ನೆಗಡಿಯ ಸಾಧ್ಯತೆ ಸುಮಾರು 3 ಪಟ್ಟಿತ್ತು. ತಿಂಗಳುಗಟ್ಟಲೆ ಎಳೆಯುವ ಮಾನಸಿಕ ಒತ್ತಡವೂ ಅಪಾಯ ಹೆಚ್ಚಿಸುತ್ತದೆ. ಉರಿಯೂತಕ್ಕೆ ಕಡಿವಾಣ ಹಾಕುವ ಕಾರ್ಟಿಸಾಲ್ ಎಂಬ ಹಾರ್ಮೋನಿಗೆ ಜೀವಕೋಶಗಳು ಸರಿಯಾಗಿ ಸ್ಪಂದಿಸದೆ ಹೋಗುವುದೇ ಇದಕ್ಕೆ ಕಾರಣ ಎಂಬುದು ಕೋಹೆನ್ ತಂಡದ ವಿವರಣೆ. ಧೂಮಪಾನವೂ ಪಟ್ಟಿಯಲ್ಲಿದೆ.

ಚಳಿಯ ವಿಷಯ ಅಷ್ಟು ಸರಳವಲ್ಲ. ವೈರಸ್ ಇಲ್ಲದೆ ಬರೀ ಚಳಿಯಿಂದ ನೆಗಡಿ ಬಾರದು. ಆದರೆ ರೈನೋವೈರಸ್ 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅಂದರೆ ಮೂಗಿನೊಳಗಿನ ಉಷ್ಣತೆಯಲ್ಲಿ, ಚೆನ್ನಾಗಿ ಬೆಳೆಯುತ್ತದೆ. ಆ ಉಷ್ಣತೆಯಲ್ಲಿ ಜೀವಕೋಶಗಳ ಇಂಟರ್‌ಫೆರಾನ್ (ವೈರಸ್ ತಡೆಯುವ ಪ್ರೋಟೀನ್) ರಕ್ಷಣೆ ಮಂದವಾಗುತ್ತದೆಂದು ಇಲಿಯ ಜೀವಕೋಶಗಳಲ್ಲಿ ಕಂಡುಬಂದಿದೆ. 2005ರಲ್ಲಿ ಪ್ರಕಟವಾದ, ಬ್ರಿಟನ್ನಿನ ಕಾರ್ಡಿಫ್‌ನ ಪ್ರಯೋಗವೊಂದರಲ್ಲಿ 90 ಮಂದಿ 20 ನಿಮಿಷ ತಣ್ಣೀರಿನಲ್ಲಿ ಕಾಲಿಟ್ಟು ಕೂತರು. ಮುಂದಿನ 4–5 ದಿನಗಳಲ್ಲಿ ಅವರಲ್ಲಿ 13 ಮಂದಿ ನೆಗಡಿಯ ಲಕ್ಷಣ ಹೇಳಿದರು. ಕಾಲು ನೆನೆಸದ 90 ಮಂದಿಯಲ್ಲಿ 5. ಎರಡೂ ಗುಂಪಿನವರಲ್ಲಿ ವೈರಸ್ ಇತ್ತೇ ಎಂದು ಪರೀಕ್ಷಿಸಿರಲಿಲ್ಲವಾದ್ದರಿಂದ ಇದನ್ನು ಕೊನೆಯ ಮಾತೆಂದು ತಿಳಿಯಬೇಡಿ.

ತಡೆಗೆ: ಸೋಪಿನಿಂದ 20 ಸೆಕೆಂಡ್ ಕೈ ತೊಳೆಯಿರಿ, ಕೈಯನ್ನು ಕಣ್ಣು–ಮೂಗಿಗೆ ಒಯ್ಯಬೇಡಿ. ಆ್ಯಂಟಿಬಯಾಟಿಕ್ ವೈರಸ್ ಮೇಲೆ ಕೆಲಸ ಮಾಡದು. ಮೂಗು ಬಿಡಿಸುವ ಆಕ್ಸಿಮೆಟಜೋಲಿನ್ ಹನಿಯನ್ನು 3 ದಿನ ದಾಟಿಸಬೇಡಿ; ದಾಟಿಸಿದರೆ, ಬಿಟ್ಟೊಡನೆ ಮೂಗು ಇನ್ನಷ್ಟು ಕಟ್ಟತೊಡಗಬಹುದು. ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ವಾಸಿ, ಕೆಮ್ಮು ಮಾತ್ರ ಇನ್ನೂ ಕೆಲವು ದಿನ ಉಳಿಯಬಹುದು. ಉಸಿರಾಟಕ್ಕೆ ತೊಂದರೆಯಾದರೆ, ಕಡಿಮೆಯಾಗಿದ್ದ ಜ್ವರ ಮತ್ತೆ ಏರಿದರೆ, 3 ತಿಂಗಳೊಳಗಿನ ಕೂಸಿನ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.