ಖಾತೆ ಸಿಕ್ಕಿತು, ಕೇಳುವ ಹಕ್ಕು? ಶಾಲೆಯಲ್ಲಿ ಪ್ರಜಾಪ್ರಭುತ್ವ ಪಾಠವಾದ ಕಥೆ

ಜೂನ್‌ನಲ್ಲಿ ಶಾಲೆ ಶುರುವಾಗಿ ಕೆಲವೇ ವಾರಕ್ಕೆ ಚಿಕ್ಕಬಳ್ಳಾಪುರ ಕಡೆಯ ಶಾಲೆಗಳಲ್ಲೂ ಮಕ್ಕಳ ಶಾಲಾ ಸಂಸತ್ತಿನ ಎಲೆಕ್ಷನ್ ಕಾವು ಏರುತ್ತದೆ. ನಾಮಪತ್ರ, ಚಿಹ್ನೆ, ಬೆರಳಿಗೆ ಶಾಯಿ, ಎಲ್ಲಾ ಉಂಟು. ಈಗೀಗ ಮೇಷ್ಟ್ರ ಮೊಬೈಲೇ ಮತಯಂತ್ರ. ಬಾಗೇಪಲ್ಲಿ, ಗೌರಿಬಿದನೂರಿನ ಹಳ್ಳಿಗಳಲ್ಲಿ ಮಕ್ಕಳು ವೋಟು ಕೇಳುವುದು ತೆಲುಗಿನಲ್ಲಿ, ಪ್ರಮಾಣವಚನ ಓದುವುದು ಕನ್ನಡದಲ್ಲಿ. ಗೆದ್ದವರಿಗೆ ಆಹಾರ, ಆರೋಗ್ಯ, ಸ್ವಚ್ಛತೆ ಅಂತ ಖಾತೆ ಹಂಚಿಕೆ. ಆಹಾರ ಮಂತ್ರಿಯ ಕೆಲಸ ಬಿಸಿಯೂಟದ ಹೊತ್ತಿಗೆ ಸಾಲು ನಿಲ್ಲಿಸುವುದು. ಸಾಂಬಾರಿನಲ್ಲಿ ಬೇಳೆ ಯಾಕಿಲ್ಲ ಅಂತ ಕೇಳುವುದು ಮಾತ್ರ ಹೆಚ್ಚಿನ ಕಡೆ ಆ ಖಾತೆಗೆ ಸೇರುವುದಿಲ್ಲ.

ಪ್ರಶ್ನೆ ಕೇಳುವುದು ಈ ಸೀಮೆಗೆ ಹೊಸದೇನಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 30ಕ್ಕೂ ಜಾಸ್ತಿ ಅನ್ನುವುದು ಊರಿನವರ ಲೆಕ್ಕ. ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ತುಂಬಾ ಕಡಿಮೆ. ಆಮೇಲೆ ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು, ಬಾವುಟ ಹಾರಿಸಲು ಒಪ್ಪಿಗೆ ಸಿಕ್ಕಿತು.

ಅದೇ ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ. 1942ರಲ್ಲಿ ಓದು ಬಿಟ್ಟು ಚಳವಳಿಗೆ ಇಳಿದು ಜೈಲು ಕಂಡರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿ ದೊಡ್ಡ ದೊಡ್ಡವರ ಮುನಿಸು ಕಟ್ಟಿಕೊಂಡರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಅನ್ನುವುದು ಅವರು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತಿದ್ದ ಮಾತು. ಪೌರನೀತಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇಕಾ?

ದೇಶದ ಮಟ್ಟದಲ್ಲೂ ಉದ್ದೇಶ ಇದೇ ಇತ್ತು. ಸುಳ್ಳು-ನಿಜ ಬೇರ್ಪಡಿಸಬಲ್ಲ, ಪ್ರಚಾರಕ್ಕೆ ಮರುಳಾಗದ ಪ್ರಜೆಯನ್ನು ಪ್ರೌಢಶಾಲೆ ತಯಾರು ಮಾಡಬೇಕು ಅಂತ, ಪ್ರೌಢಶಿಕ್ಷಣದ ಸುಧಾರಣೆಗೆ ಕೇಂದ್ರ ಸರ್ಕಾರ ನೇಮಿಸಿದ್ದ ಮೊದಲಿಯಾರ್ ಆಯೋಗ 1953ರಲ್ಲೇ ಹೇಳಿತ್ತು. ತರಗತಿಗೆ ಬರುವಷ್ಟರಲ್ಲಿ ಅದು ಬಿಟ್ಟ ಸ್ಥಳ ತುಂಬುವ ಪಾಠವಾಯಿತು. ರಾಷ್ಟ್ರಪತಿಯಾಗಲು ಕನಿಷ್ಠ ವಯಸ್ಸು? 35. ಒಂದು ಅಂಕ. ಆಮೇಲೆ ಮೂಲಭೂತ ಕರ್ತವ್ಯಗಳು ಬಂದವು. ಅವು ಸಂವಿಧಾನಕ್ಕೆ ಸೇರಿದ್ದು ಯಾವಾಗ ಗೊತ್ತಾ? 1976ರಲ್ಲಿ, ತುರ್ತು ಪರಿಸ್ಥಿತಿಯಿಂದ ಹಕ್ಕುಗಳಿಗೆ ಬೀಗ ಬಿದ್ದಿದ್ದ ಹೊತ್ತಿನಲ್ಲಿ. ಪಾಠ ಒಪ್ಪಿಸುವ ಮಕ್ಕಳಿಗೆ ಇದನ್ನು ಹೇಳುವವರು ಕಡಿಮೆ. 2002ರಲ್ಲಿ ಸೇರಿದ 11ನೇ ಕರ್ತವ್ಯವಂತೂ ಮಕ್ಕಳದ್ದೇ ಅಲ್ಲ, ಅವರನ್ನು ಓದಿಸಬೇಕಾದ ಅಪ್ಪ-ಅಮ್ಮಂದಿರದ್ದು. ಬಾಯಿಪಾಠ ಮಾಡುವುದು ಮಾತ್ರ ಮಕ್ಕಳು.

2001ರಲ್ಲಿ ರಾಜ್ಯ ಸರ್ಕಾರ ಎಸ್‌ಡಿಎಂಸಿ, ಅಂದರೆ ಪೋಷಕರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ತಂದಿತು. ಪೋಷಕರಿಗೆ ಶಾಲೆಯ ಲೆಕ್ಕ ಕೇಳುವ ಅವಕಾಶ ಸಿಕ್ಕಿತು. ಮಕ್ಕಳಿಗೆ ಅಂಥ ಅವಕಾಶ ಸಿಕ್ಕಿದ್ದು ಸ್ವಲ್ಪ ತಡವಾಗಿ, ಅದೂ ಶಾಲೆಯ ಹೊರಗೆ, ಮಕ್ಕಳ ಗ್ರಾಮಸಭೆಯಲ್ಲಿ. ನವೆಂಬರ್ ಆಸುಪಾಸಿನಲ್ಲಿ ನಡೆಯುವ ಈ ಸಭೆಗೆ ಪಂಚಾಯಿತಿ ಅಧ್ಯಕ್ಷರು, ಪಿಡಿಒ, ಅಂಗನವಾಡಿ, ಆರೋಗ್ಯ ಇಲಾಖೆಯವರು ಬರಬೇಕು. ಮೈಕ್ ಮಕ್ಕಳ ಕೈಯಲ್ಲಿ. ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಸಂಜೆ ಕ್ಲಾಸ್ ಬಿಟ್ಟ ಮೇಲೆ ಬಸ್ಸಿಲ್ಲ, ಶಾಲೆ ಪಕ್ಕದ ಅಂಗಡಿಯಲ್ಲಿ ಗುಟ್ಕಾ ಮಾರುತ್ತಾರೆ: ಕೇಳುವುದು ಇಂಥವನ್ನೇ. ಈ ಜಿಲ್ಲೆಯಲ್ಲಿ ನೀರಿನ ಪ್ರಶ್ನೆಯೂ ತಪ್ಪುವುದಿಲ್ಲ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ಸೀಮೆಯಲ್ಲಿ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಅದು ಮಕ್ಕಳ ಹಲ್ಲಿನ ವಿಷಯ ಅಲ್ವಾ?

2018ರಿಂದ ಚುನಾವಣಾ ಸಾಕ್ಷರತಾ ಕ್ಲಬ್‌ಗಳು ಬಂದವು. 2023ರಿಂದ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ನನ್ನ ಮಟ್ಟಿಗೆ ಆ ಗ್ರಾಮಸಭೆಯ ತೂಕವೇ ಜಾಸ್ತಿ, ಯಾಕೆಂದರೆ ಅಲ್ಲಿ ದೊಡ್ಡವರು ಉತ್ತರ ಹೇಳಲೇಬೇಕು. ತೊಂದರೆ ಶುರುವಾಗುವುದು ಸಭೆ ಮುಗಿದ ಮೇಲೆ. ಶಾಲು, ಹಾರ, ಫೋಟೊ ಆದ ನಂತರ ಅರ್ಜಿಗಳು ಕಡತ ಸೇರುತ್ತವೆ. ಹೋದ ವರ್ಷದ ಬೇಡಿಕೆಗಳಲ್ಲಿ ಆಗಿದ್ದೆಷ್ಟು, ಆಗದ್ದು ಯಾಕೆ ಅಂತ ಈ ವರ್ಷದ ಸಭೆ ಶುರುವಾಗುವ ಮೊದಲೇ ಓದಿ ಹೇಳಿದರೆ ಅರ್ಧ ಕೆಲಸ ಆದಂತೆ. ಇದಕ್ಕೆ ದುಡ್ಡು ಬೇಕಿಲ್ಲ. ಕೇಳಿದ ಹುಡುಗಿ ಎಂಟನೇ ಕ್ಲಾಸಿನಲ್ಲಿದ್ದರೆ, ಹತ್ತು ಮುಗಿಸಿ ಹೋಗುವುದರೊಳಗೆ ಆ ಚಿಲಕವನ್ನೂ ಹಾಕಿಸಬಹುದು.