ಹಿಂಬದಿ ನೀಲಿ ಬಂದರೆ ಪೆನಿಟ್ರೇಶನ್ ಆಗಿದೆ ಅಂತಾನಾ?

ಪ್ರಶ್ನೆ: ಸಾರ್, ಕಬ್ಬಿನ ಟ್ರೇಲರ್‌ಗೆ 6 ಎಂಎಂ ಫ್ಲಾಟ್ (ಪಟ್ಟಿ ಕಬ್ಬಿಣ) ಇಟ್ಟು ಫಿಲೆಟ್ (ಮೂಲೆಯ ವೆಲ್ಡ್) ಹೊಡೆದಿದ್ದೇವೆ. ಹಿಂದುಗಡೆ ಚೆನ್ನಾಗಿ ನೀಲಿ ಬಂದಿದೆ. ಪೆನಿಟ್ರೇಶನ್ ಆಗಿದೆ, ಅಂದರೆ ಬೆಸುಗೆ ಒಳಗಿನವರೆಗೂ ಇಳಿದಿದೆ ಅಂತ ತಾನೇ?

ಉತ್ತರ: ಅಲ್ಲ. ಕಬ್ಬು ಅರೆಯುವ ಸೀಸನ್ ಹತ್ತಿರ ಬಂದರೆ ಸಾಕು, ಮದ್ದೂರು, ಪಾಂಡವಪುರ, ಮಂಡ್ಯ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ. ಎಷ್ಟು ಸಲ ಹೇಳಿದರೂ ಈ ನೀಲಿ ಬಣ್ಣದ ನಂಬಿಕೆ ಹೋಗುತ್ತಲೇ ಇಲ್ಲ. ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ.

ಕಬ್ಬಿಣ ಸುಮಾರು 300 ಡಿಗ್ರಿಗೆ ಕಾದರೆ ಅದರ ಮೇಲ್ಮೈ ನೀಲಿಯಾಗುತ್ತದೆ. ಅದೇ ಮೈಲ್ಡ್ ಸ್ಟೀಲ್ ಕರಗಬೇಕಾದರೆ ಸುಮಾರು 1500 ಡಿಗ್ರಿ ಬೇಕು. ನೀಲಿ ಕಂಡರೆ ಕಾವು ಆ ಕಡೆಗೂ ಹೋಗಿದೆ ಅಂತ ಮಾತ್ರ ಗೊತ್ತಾಗುತ್ತದೆ. ಒಳಗೆ ಬೆಸುಗೆ ಕೂಡಿದೆಯೋ ಇಲ್ಲವೋ ಅದು ಹೇಳುವುದಿಲ್ಲ.

ಇನ್ನೊಂದು ವಿಷಯ ಕೇಳಿ. ಕರೆಂಟ್ ಕಮ್ಮಿ ಇಟ್ಟು, ರಾಡ್ ಆಡಿಸುತ್ತಾ ನಿಧಾನಕ್ಕೆ ಹೋದರೆ ಹಿಂಬದಿ ಇನ್ನೂ ಜಾಸ್ತಿ ನೀಲಿಯಾಗುತ್ತದೆ. ಒಂದೇ ಜಾಗದಲ್ಲಿ ತುಂಬಾ ಹೊತ್ತು ಕಾವು ನಿಲ್ಲುತ್ತದಲ್ವಾ? ಆದರೆ ಆಗ ಆರ್ಕ್ (ರಾಡಿನ ತುದಿಯ ಕಿಡಿ) ಮೂಲೆಗೆ ಇಳಿಯುವುದಿಲ್ಲ, ಕರಗಿದ ಲೋಹದ ಮೇಲೇ ಆಡುತ್ತಿರುತ್ತದೆ. ಸ್ಲಾಗ್ (ರಾಡಿನ ಲೇಪ ಕರಗಿ ಬರುವ ಕಿಟ್ಟ) ಮುಂದಕ್ಕೆ ಹರಿದು ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಂದರೆ ಕೆಟ್ಟ ವೆಲ್ಡ್‌ಗೇ ಒಳ್ಳೆ ನೀಲಿ ಬರಬಹುದು. 12 ಎಂಎಂ ಪ್ಲೇಟ್ ಆದರೆ ಉಲ್ಟಾ. ರೂಟ್, ಅಂದರೆ ಒಳಮೂಲೆ, ಸೊಗಸಾಗಿ ಕೂಡಿದ್ದರೂ ಹಿಂದೆ ಬಣ್ಣ ಬರದೇ ಇರಬಹುದು, ದಪ್ಪ ಪ್ಲೇಟ್ ಕಾವನ್ನೆಲ್ಲ ಎಳೆದುಕೊಳ್ಳುತ್ತದೆ.

ಅಷ್ಟಕ್ಕೂ ಫಿಲೆಟ್ ವೆಲ್ಡ್ ಪ್ಲೇಟ್ ತೂರಿ ಆ ಕಡೆ ಬರಬೇಕು ಅಂತ ಯಾರು ಹೇಳಿದರು? ಎರಡು ತುಂಡು ಕೂಡುವ ಮೂಲೆ ಇದೆಯಲ್ಲ, ಆ ರೂಟ್ ಎರಡೂ ಕಡೆ ಕರಗಿ ಒಂದಾಗಬೇಕು. ಅಷ್ಟೇ.

ಅದು ಹೊರಗಿನಿಂದ ಕಾಣುವುದಿಲ್ಲ. ಬೀಡ್‌ನ (ವೆಲ್ಡ್ ಸಾಲಿನ) ಅಂಚು ಪ್ಲೇಟ್‌ಗೆ ನಯವಾಗಿ ಸೇರಿದೆಯಾ, ಅಂಡರ್‌ಕಟ್ (ಬೀಡ್ ಪಕ್ಕ ಪ್ಲೇಟ್ ಕರಗಿ ಬಿದ್ದ ತೋಡು) ಇದೆಯಾ, ಲೋಹ ಕರಗದೆ ಪ್ಲೇಟ್ ಮೇಲೆ ಸುಮ್ನೆ ಮಲಗಿದೆಯಾ, ಇಷ್ಟನ್ನು ಕಣ್ಣಲ್ಲಿ ನೋಡಬಹುದು. ರೂಟ್ ನೋಡಬೇಕಾದರೆ ಮುರಿಯಲೇಬೇಕು.

ಕೆಲಸಕ್ಕೆ ಹಾಕುವ ಫ್ಲಾಟ್‌ನಲ್ಲೇ ಎರಡು ತುಂಡು ಕತ್ತರಿಸಿ, ಟೀ ಆಕಾರಕ್ಕೆ ನಿಲ್ಲಿಸಿ, ಒಂದೇ ಕಡೆ ವೆಲ್ಡ್ ಮಾಡಿ. ಅದೇ ರಾಡ್, ಅದೇ ಕರೆಂಟ್ ಇರಲಿ. ಮಧ್ಯದಲ್ಲಿ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿ, ಹುಳುಕು ಇದ್ದರೆ ಹೆಚ್ಚಾಗಿ ಅಲ್ಲೇ ಇರುತ್ತದೆ. ತಣ್ಣಗಾದ ಮೇಲೆ ವೈಸ್‌ಗೆ ಕಚ್ಚಿಸಿ, ಕನ್ನಡಕ ಹಾಕಿಕೊಂಡು, ನಿಂತ ತುಂಡನ್ನು ವೆಲ್ಡ್ ಇರುವ ಕಡೆಗೇ ಸುತ್ತಿಗೆಯಲ್ಲಿ ಬಾಗಿಸಿ. ಆಗ ರೂಟ್ ಬಾಯಿ ಬಿಡುತ್ತದೆ. ಮುರಿಯದೆ ಪೂರ್ತಿ ಮಡಚಿಕೊಂಡರೆ ಪಾಸ್.

ಮುರಿದರೆ ಬೆಳಕಿಗೆ ಹಿಡಿದು ನೋಡಿ. ಮೂಲೆಯವರೆಗೂ ಒಂದೇ ಥರ ಕಾಳುಕಾಳಾದ ಬೂದು ಲೋಹ ಕಂಡರೆ ರೂಟ್ ಕೂಡಿದೆ. ನಿಂತ ತುಂಡಿನ ಅಂಚಿನಲ್ಲಿ ಆಕ್ಸಾ ಬ್ಲೇಡ್ ಎಳೆದ ಗೀರುಗಳು ಮೂಲೆಯವರೆಗೂ ಹಾಗೇ ಉಳಿದಿದ್ದರೆ ಅಲ್ಲಿ ಲೋಹ ಕರಗಿಯೇ ಇಲ್ಲ. ಬೀಡ್ ಎಷ್ಟೇ ಚೆಂದ ಇರಲಿ, ಆ ಗೀರು ಸುಳ್ಳು ಹೇಳುವುದಿಲ್ಲ. ನಮ್ಮ ಹುಡುಗರಿಗೆ ಇದನ್ನು ಒಂದು ಸಲ ತೋರಿಸಿದರೆ ಸಾಕು, ಆಮೇಲೆ ಅವರೇ ಕರೆಂಟ್ ಸರಿಮಾಡಿಕೊಳ್ಳುತ್ತಾರೆ.

ಸರಿಮಾಡುವುದು ಕಷ್ಟವೇನಲ್ಲ. ಮೂಲೆಯ ತುಕ್ಕು, ಪೇಂಟ್ ಗ್ರೈಂಡರ್‌ನಲ್ಲಿ ತೆಗೆಯಿರಿ. 3.15 ಎಂಎಂನ 6013 ನಂಬರಿನ ರಾಡ್ ಆದರೆ ಪ್ಯಾಕೆಟ್ ಮೇಲಿರುವ ಆಂಪಿಯರ್‌ನ ಮೇಲಿನ ತುದಿಗೆ ಹೋಗಿ. ಆರ್ಕ್ ಗಿಡ್ಡ ಇರಲಿ, ರಾಡಿನ ತುದಿ ಮೂಲೆಯನ್ನೇ ನೋಡಲಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅನುಮಾನ ಬಂದ ತಕ್ಷಣ ಮೇಲೆ ಇನ್ನೊಂದು ಪದರ ಹೊಡೆಯುವ ಅಭ್ಯಾಸ ಬಿಡಿ. ಫಿಲೆಟ್‌ನ ಬಲ ಅದರ ಥ್ರೋಟ್‌ನಲ್ಲಿದೆ (ರೂಟ್‌ನಿಂದ ಬೀಡ್‌ನ ಮುಖದವರೆಗಿನ ದಪ್ಪ), ಅದು ಲೆಗ್‌ನ (ಮೂಲೆಯಿಂದ ಪ್ಲೇಟ್ ಮೇಲೆ ವೆಲ್ಡ್ ಹರಡಿದ ಅಳತೆ) ಸುಮಾರು 0.7ರಷ್ಟು. 6 ಎಂಎಂ ಲೆಗ್‌ಗೆ 4.2, 8 ಎಂಎಂಗೆ 5.6. ಬಲ ಮೂರನೇ ಒಂದು ಭಾಗ ಹೆಚ್ಚಿತು. ತುಂಬುವ ಲೋಹ ಮಾತ್ರ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೆಚ್ಚಿತು, ಫ್ಲಾಟ್ ಸೊಟ್ಟಗಾಗುವುದು ಬೇರೆ. ಕೆಳಗೆ ರೂಟ್ ಕೂಡದಿದ್ದರೆ ಆ ಪದರ ಅದನ್ನು ಕೂಡಿಸುವುದೂ ಇಲ್ಲ. ಗ್ರೈಂಡ್ ಮಾಡಿ ತೆಗೆದು ಮತ್ತೆ ಹೊಡೆಯಬೇಕು. ಆ ಕಡೆ ಕೈ ಹೋಗುವಂತಿದ್ದರೆ ಅಲ್ಲೂ ಒಂದು ಫಿಲೆಟ್ ಹೊಡೆಯಿರಿ. ಕಬ್ಬು ತುಂಬಿದ ಟ್ರೇಲರ್ ಕಾಲುವೆ ಏರಿ ಮೇಲೆ ಓಲಾಡುವಾಗ ಒಂದೇ ಕಡೆ ವೆಲ್ಡ್ ಇದ್ದರೆ ವೈಸ್‌ನಲ್ಲಿ ಬಾಯಿ ಬಿಟ್ಟ ಹಾಗೇ ರೂಟ್ ಬಾಯಿ ಬಿಡುತ್ತದೆ.